ಸೋಸದೆ ಕುಡಿಯೋಣ: ನಮ್ಮ ಸಂತೆಯ ತರಕಾರಿ, ನಮ್ಮ ಮನೆಯ ಲೋಟ



ಜೀವಶಾಸ್ತ್ರದ ತರಗತಿಯಲ್ಲಿ ಜೀರ್ಣಕ್ರಿಯೆಯ ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಮೇಡಂ, ಬೀಟ್‌ರೂಟ್ ಜ್ಯೂಸ್ ಕುಡಿದರೆ ರಕ್ತ ಜಾಸ್ತಿ ಆಗುತ್ತಾ?" ಹುಡುಗರು ಕೇಳುವುದು ಇನ್ನೊಂದು: "ಬೂದುಗುಂಬಳದ ಜ್ಯೂಸ್ ಕುಡಿದರೆ ಹೊಟ್ಟೆ ಕರಗುತ್ತಾ?" ಸ್ಟಾಫ್ ರೂಮಿನಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಮಾತು ಬಂದರೆ ಹಾಗಲಕಾಯಿ ರಸ, ಸೋರೆಕಾಯಿ ರಸ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲರ ಮೊಬೈಲಿಗೂ ಇಂಥ ವಿಡಿಯೋಗಳು ಬರುತ್ತಿವೆ. ಗಂಟೆ ಹೊಡೆಯುವ ಮುನ್ನ ಎರಡು ಮಾತಿನಲ್ಲಿ ಉತ್ತರ ಕೊಟ್ಟರೆ ಯಾರಿಗೂ ಸಮಾಧಾನವಾಗುವುದಿಲ್ಲ. ಆದ್ದರಿಂದ ನಮ್ಮ ಪತ್ರಿಕೆಯಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇದು ಬರೀ ರುಚಿಯ ಮಾತಲ್ಲ. ನಮ್ಮ ಕಾಲೇಜಿಗೆ ಶ್ರೀರಂಗಪಟ್ಟಣ, ಪಾಂಡವಪುರದಿಂದಲ್ಲದೆ ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದಲೂ ಮಕ್ಕಳು ಬರುತ್ತಾರೆ. ದೂರದವರು ಬೆಳಗಿನ ಮೊದಲ ಬಸ್ಸು ಹಿಡಿಯಬೇಕು. ಅಷ್ಟು ಹೊತ್ತಿಗೆ ಮನೆಯಲ್ಲಿ ತಿಂಡಿ ಆಗಿರುವುದಿಲ್ಲ. ಒಂದು ಲೋಟ ಟೀ, ಎರಡು ಬಿಸ್ಕತ್ತು ತಿಂದು ಹೊರಡುವವರೇ ಹೆಚ್ಚು. ಮೂರನೇ ಪೀರಿಯಡ್ ಹೊತ್ತಿಗೆ ಡೆಸ್ಕಿನ ಮೇಲೆ ತಲೆ ಇಟ್ಟವರನ್ನು ನಾವು ಉಪನ್ಯಾಸಕರು ದಿನಾ ನೋಡುತ್ತೇವೆ. ಎಲ್ಲವೂ ಸೋಮಾರಿತನವಲ್ಲ. 2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಅಂದರೆ ಹತ್ತು ಹುಡುಗಿಯರು ಕೂತ ಕಡೆ ಆರು ಮಂದಿಗೆ, ಹತ್ತು ಹುಡುಗರಲ್ಲಿ ಮೂವರಿಗೆ. ನಮ್ಮ ತರಗತಿಗಳು ಈ ಲೆಕ್ಕಕ್ಕೆ ಹೊರತಾಗಿರಲಾರವು.

ಹಾಗಾದರೆ ಒಂದು ಲೋಟ ತರಕಾರಿ ರಸ ಏನು ಮಾಡಬಲ್ಲದು, ಏನು ಮಾಡಲಾರದು? ನೋಡೋಣ.

ಜ್ಯೂಸ್ ಬೇರೆ, ಅರೆದ ಪಾನೀಯ ಬೇರೆ

ಕ್ಯಾರೆಟ್ಟನ್ನು ಮಿಕ್ಸಿಗೆ ಹಾಕಿ, ನೀರು ಬೆರೆಸಿ, ರುಬ್ಬಿ, ಜರಡಿಯಲ್ಲಿ ಸೋಸಿದರೆ ಕೆಳಗೆ ಇಳಿಯುವುದು ಜ್ಯೂಸ್. ಜರಡಿಯಲ್ಲಿ ಉಳಿಯುವುದು ಚರಟ. ನಾವು ಕುಡಿಯುವುದು ನೀರು, ಸಕ್ಕರೆ, ಬಣ್ಣ, ಒಂದಷ್ಟು ಜೀವಸತ್ವ. ಎಸೆಯುವುದು ನಾರು. ಸೋಸದೆ ಹಾಗೆಯೇ ಕುಡಿದರೆ ಅದನ್ನೇ ಇಂಗ್ಲಿಷಿನಲ್ಲಿ ಸ್ಮೂದಿ ಎನ್ನುತ್ತಾರೆ. ವ್ಯತ್ಯಾಸ ಒಂದು ಜರಡಿಯದು ಅಷ್ಟೇ. ಆದರೆ ದೇಹಕ್ಕೆ ಆ ವ್ಯತ್ಯಾಸ ದೊಡ್ಡದು.

ನಾರು ನಮಗೆ ಜೀರ್ಣವಾಗುವುದಿಲ್ಲ. ಹಾಗೆಂದು ಅದು ಕಸವಲ್ಲ. ಹೊಟ್ಟೆ ತುಂಬಿದ ಭಾವನೆ ಕೊಡುವುದು ಅದು. ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುವುದು ಅದು. ಮಲಬದ್ಧತೆ ಬಾರದಂತೆ ನೋಡಿಕೊಳ್ಳುವುದೂ ಅದೇ. ನಮ್ಮ ದೊಡ್ಡ ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಅದು ಆಹಾರ. ಸೋಸಿ ಕುಡಿದರೆ ಬೇಗ ಹಸಿವು, ಸೋಸದೆ ಕುಡಿದರೆ ತಡವಾಗಿ ಹಸಿವು. ಬಸ್ಸಿನಲ್ಲಿ ಒಂದೂವರೆ ಗಂಟೆ ಕೂರುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ಮುಖ್ಯ ವಿಷಯವಿದೆ. ಇಡೀ ಹಣ್ಣಿನಲ್ಲಿರುವ ಸಕ್ಕರೆಯನ್ನು ಅದು ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹಣ್ಣಿನ ರಸದ ಸಕ್ಕರೆಯನ್ನು, ನಾವು ಚಮಚದಿಂದ ಹಾಕುವ ಸಕ್ಕರೆಯ ಜೊತೆಗೇ ಸೇರಿಸುತ್ತದೆ. ದಿನಕ್ಕೆ ಇಂಥ ಸಕ್ಕರೆ ಸುಮಾರು 25 ಗ್ರಾಂ, ಅಂದರೆ ಆರು ಟೀ ಚಮಚದೊಳಗೆ ಇದ್ದರೆ ಉತ್ತಮ. ಅಂಗಡಿಯ ಕೋಲಾ ಪಾನೀಯಗಳಲ್ಲಿ ಸಾಮಾನ್ಯವಾಗಿ 100 ಮಿ.ಲೀ.ಗೆ 10–11 ಗ್ರಾಂ ಸಕ್ಕರೆ ಇರುತ್ತದೆ. 250 ಮಿ.ಲೀ. ಬಾಟಲಿ ಒಂದನ್ನು ಮುಗಿಸಿದರೆ ಆ ದಿನದ ಕೋಟಾ ಅಲ್ಲಿಗೇ ಮುಗಿಯಿತು. ನಮ್ಮದು ಕಬ್ಬಿನ ಜಿಲ್ಲೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ರಸ್ತೆ ಬದಿಯ ಕಬ್ಬಿನ ಹಾಲನ್ನು ಬೇಡ ಎನ್ನುವ ಎದೆ ನನಗೂ ಇಲ್ಲ. ಆದರೆ ಅದರಲ್ಲೂ ಸಕ್ಕರೆ ಕೋಲಾಗಿಂತ ಕಡಿಮೆಯೇನಿಲ್ಲ ಎಂಬುದು ನೆನಪಿರಲಿ. ಅಪರೂಪಕ್ಕೆ ಸರಿ, ದಿನಾ ಬೇಡ.

ಬಣ್ಣ ನೋಡಿ ರಕ್ತ ಎನ್ನಬೇಡಿ

ಈಗ ಬೀಟ್‌ರೂಟ್ ಪ್ರಶ್ನೆ. ಬೀಟ್‌ರೂಟ್ ಕೆಂಪಗಿರುವುದು ಬೀಟಾಲೈನ್ ಎಂಬ ಬಣ್ಣದ ವಸ್ತುವಿನಿಂದ. ನಮ್ಮ ರಕ್ತ ಕೆಂಪಗಿರುವುದು ಕಬ್ಬಿಣ ಹೊತ್ತ ಹಿಮೋಗ್ಲೋಬಿನ್‌ನಿಂದ. ಎರಡಕ್ಕೂ ಸಂಬಂಧವಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ 16–18 ವರ್ಷದ ಹುಡುಗಿಗೆ ದಿನಕ್ಕೆ ಬೇಕಾದ ಕಬ್ಬಿಣ 32 ಮಿಲಿಗ್ರಾಂ, ಹುಡುಗನಿಗೆ 26. ಬೀಟ್‌ರೂಟ್ ಒಂದನ್ನೇ ನಂಬಿದರೆ ದಿನಕ್ಕೆ ಮೂರು ಕಿಲೋ ದಾಟಿ ತಿನ್ನಬೇಕಾಗುತ್ತದೆ!

ಬೀಟ್‌ರೂಟ್ ಕೆಟ್ಟದ್ದಲ್ಲ. ಅದರಲ್ಲಿ ಫೋಲೇಟ್ ಇದೆ, ನಾರಿದೆ. ಕುಡಿದ ಮರುದಿನ ಮೂತ್ರ ಕೆಂಪಾದರೆ ಗಾಬರಿಯಾಗಬೇಡಿ, ಕೆಲವರಿಗೆ ಹಾಗಾಗುತ್ತದೆ. ಆದರೆ ರಕ್ತಹೀನತೆಗೆ ಅದೇ ಮದ್ದು ಎಂದು ನಂಬಿ ಪರೀಕ್ಷೆ ಮಾಡಿಸದೆ ಕೂರುವುದು ತಪ್ಪು.

ಕಬ್ಬಿಣ ಹೆಚ್ಚಿರುವುದು ಎಲ್ಲಿ? ನಮ್ಮ ಮನೆಯ ಹುರುಳಿಕಾಳಿನಲ್ಲಿ 100 ಗ್ರಾಂಗೆ ಸುಮಾರು 8 ಮಿಲಿಗ್ರಾಂ ಇದೆ. ನುಗ್ಗೆಸೊಪ್ಪಿನಲ್ಲಿ ಸುಮಾರು 4.5. ಮಾಂಸ ತಿನ್ನುವವರಿಗೆ ಮಟನ್, ಅದರಲ್ಲೂ ಕಲೇಜಿ ಒಳ್ಳೆಯ ಮೂಲ. ಮಾಂಸದ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ, ಸೊಪ್ಪು–ಕಾಳುಗಳ ಕಬ್ಬಿಣವನ್ನು ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಇಲ್ಲಿಯೇ ಹುಳಿಯ ಕೆಲಸ ಬರುವುದು. ನಿಂಬೆ, ಸೀಬೆ, ನೆಲ್ಲಿಕಾಯಿ, ಟೊಮೆಟೊಗಳಲ್ಲಿರುವ ಸಿ ಜೀವಸತ್ವ ಜೊತೆಗಿದ್ದರೆ ಸೊಪ್ಪಿನ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಟೀ ಜೊತೆಗಿದ್ದರೆ ಕಡಿಮೆಯಾಗುತ್ತದೆ, ಏಕೆಂದರೆ ಟೀಯಲ್ಲಿರುವ ಒಗರಿನ ವಸ್ತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟವಾದ ತಕ್ಷಣ ಟೀ ಕುಡಿಯುವ ಅಭ್ಯಾಸ ನಮ್ಮ ಬಹಳ ಮನೆಗಳಲ್ಲಿದೆ. ಟೀ ಬಿಡಬೇಕಾಗಿಲ್ಲ, ಒಂದು ಗಂಟೆ ತಡ ಮಾಡಿದರೆ ಸಾಕು.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಹಿಡಿ ನುಗ್ಗೆಸೊಪ್ಪು ಅರೆದು ಕುಡಿದರೆ ಸಿಗುವ ಕಬ್ಬಿಣ ಸುಮಾರು 1 ಮಿಲಿಗ್ರಾಂ. ಆರೋಗ್ಯ ಇಲಾಖೆಯ ಯೋಜನೆಯಲ್ಲಿ 10ರಿಂದ 19 ವರ್ಷದವರಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ ಇರುವುದು 60 ಮಿಲಿಗ್ರಾಂ. ಆದ್ದರಿಂದ ಲೋಟದ ಪಾನೀಯ ಮಾತ್ರೆಯ ಬದಲಿಗಲ್ಲ. ಊಟ ಸರಿಯಿದ್ದವರು ಸರಿಯಾಗಿಯೇ ಇರಲು ಅದು ಸಹಾಯ ಮಾಡುತ್ತದೆ. ರಕ್ತ ಈಗಾಗಲೇ ಕಡಿಮೆಯಾಗಿದ್ದರೆ ಮಾತ್ರೆ ಬೇಕೇ ಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು, ಬಿಳಿಚಿದ ಕಣ್ಣುರೆಪ್ಪೆ, ಸದಾ ಸುಸ್ತು ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮ ವಯಸ್ಸಿನ ಹುಡುಗಿಯರಲ್ಲಿ ಅದು 12ಕ್ಕಿಂತ, ಹುಡುಗರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದರ್ಥ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ನಾಲ್ಕು ತಾಲ್ಲೂಕು, ಒಂದು ಬುಟ್ಟಿ

ವಿಡಿಯೋಗಳಲ್ಲಿ ಕೇಲ್, ಅವಕಾಡೊ, ಚಿಯಾ ಎಂದೆಲ್ಲ ಹೇಳುತ್ತಾರೆ. ನಮ್ಮ ವಾರದ ಸಂತೆಯಲ್ಲಿ ಅವು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಕಾವೇರಿ ನೀರು, ಕನ್ನಂಬಾಡಿ ಕಟ್ಟೆಯ ನಾಲೆಗಳಿವೆ. ಭತ್ತ, ಕಬ್ಬಿನ ಜೊತೆಗೆ ಸೊಪ್ಪು, ಸೌತೆ, ಟೊಮೆಟೊ ಬೆಳೆಯುತ್ತಾರೆ. ಕೆ.ಆರ್. ಪೇಟೆ ಕಡೆ ಹೇಮಾವತಿ ನಾಲೆ ಇದೆ, ತೆಂಗು ಇದೆ. ನಾಗಮಂಗಲ ಹೆಚ್ಚಾಗಿ ಮಳೆಯಾಶ್ರಿತ. ಅಲ್ಲಿಯ ಹೊಲ ರಾಗಿ, ಹುರುಳಿ, ಅವರೆಯದು. ಬೇಲಿಯಲ್ಲಿ ನುಗ್ಗೆ, ಹಿತ್ತಲಲ್ಲಿ ಸೀಬೆ, ತಿಪ್ಪೆಯ ಪಕ್ಕ ಹಬ್ಬಿದ ಬೂದುಗುಂಬಳ ನಾಲ್ಕೂ ತಾಲ್ಲೂಕಿನಲ್ಲಿ ಕಾಣುತ್ತವೆ.

ಒಂದೊಂದರ ಗುಣವೂ ಬೇರೆ. ಬೂದುಗುಂಬಳ, ಸೌತೆಕಾಯಿಯಲ್ಲಿ ಶೇ. 95ಕ್ಕೂ ಹೆಚ್ಚು ನೀರೇ. ಅವು ಬಿಸಿಲಿಗೆ ಒಳ್ಳೆಯವು, ಆದರೆ ಹೊಟ್ಟೆ ಕರಗಿಸುವ ಶಕ್ತಿ ಯಾವುದೂ ಅವುಗಳಲ್ಲಿಲ್ಲ. ಸಕ್ಕರೆ ಪಾನೀಯ ಬಿಟ್ಟು ಅವನ್ನು ಕುಡಿದರೆ ಸೇರುವ ಸಕ್ಕರೆ ಕಡಿಮೆಯಾಗಿ ತೂಕ ಇಳಿಯಬಹುದು, ಅಷ್ಟೇ. ಮದುವೆ ಊಟದಲ್ಲಿ ಬೂದುಗುಂಬಳವನ್ನು ಕಾಶಿ ಹಲ್ವಾ ಮಾಡಿ ತಿಂದರೆ ಲೆಕ್ಕ ಉಲ್ಟಾ! ಕ್ಯಾರೆಟ್ಟಿನಲ್ಲಿ ಎ ಜೀವಸತ್ವವಾಗಿ ಬದಲಾಗುವ ಬೀಟಾ ಕ್ಯಾರೋಟಿನ್ ಇದೆ. ಅದು ಕೊಬ್ಬಿನಲ್ಲಿ ಕರಗುವಂಥದ್ದು. ಜೊತೆಗೆ ನಾಲ್ಕು ಕಡಲೆಕಾಯಿ ಬೀಜವೋ ಒಂದು ಚೂರು ತೆಂಗಿನಕಾಯಿಯೋ ಇದ್ದರೆ ಹೆಚ್ಚು ಹೀರಲ್ಪಡುತ್ತದೆ. ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಹೆಚ್ಚು ಸಿ ಜೀವಸತ್ವವಿದೆ. ಒಂದು ಹಣ್ಣು ಒಬ್ಬರ ದಿನದ ಅಗತ್ಯಕ್ಕೆ ಸಾಕು. ಬೆಟ್ಟದ ನೆಲ್ಲಿಕಾಯಿಯೂ ಹಾಗೆಯೇ. ಇನ್ನು ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಅಕ್ಕಿಯಲ್ಲಿ ಇರುವುದು 10ರ ಆಸುಪಾಸು. ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಸಂಕರಗೊಳಿಸಿ 'ಇಂಡಾಫ್' ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರು ದುಡಿದದ್ದು ನಮ್ಮ ಮಂಡ್ಯದ ವಿ.ಸಿ. ಫಾರ್ಮಿನಲ್ಲಿಯೇ. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು.

ಅರೆದು ಕುಡಿಯುವುದು ನಮಗೆ ಹೊಸದೂ ಅಲ್ಲ. ಮಲೆನಾಡು, ಕರಾವಳಿಯ ತಂಬುಳಿ ಎಂದರೆ ಸೊಪ್ಪನ್ನು ತೆಂಗಿನಕಾಯಿ ಜೊತೆ ಅರೆದು ಮಜ್ಜಿಗೆಯಲ್ಲಿ ಕಲಸಿದ್ದು. ನಮ್ಮ ಅಂಬಲಿ, ಹುರಿಹಿಟ್ಟು ಇದೇ ಜಾತಿಯವು. ನಮ್ಮ ಜಿಲ್ಲೆಯ ಉಪ್ಸಾರು, ಬಸ್ಸಾರು ನೋಡಿ. ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಅದನ್ನೇ ಸಾರು ಮಾಡುತ್ತೇವೆ. ಬೇಯುವಾಗ ನೀರಿಗಿಳಿದ ಜೀವಸತ್ವ, ಲವಣಾಂಶಗಳು ಹೀಗೆ ತಟ್ಟೆಗೆ ಬರುತ್ತವೆ. ಏನನ್ನೂ ಚೆಲ್ಲದ ಈ ಬುದ್ಧಿಯನ್ನೇ ಮಿಕ್ಸಿಗೂ ತರಬೇಕು.

ಥಾಯ್ಲೆಂಡಿನ ಗಾಡಿಯಲ್ಲಿ ನಮ್ಮ ಒಂದೆಲಗ

ಥಾಯ್ಲೆಂಡಿನಲ್ಲಿ 'ಬೈ ಬುವಾ ಬೊಕ್' ಎಂಬ ಎಲೆಯ ಹಸಿರು ಪಾನೀಯವನ್ನು ಬೀದಿ ಗಾಡಿಗಳಲ್ಲಿ ಮಾರುತ್ತಾರೆ. ಬಿಸಿಲಿನಲ್ಲಿ ದಣಿದವರು ತಣ್ಣಗೆ ಕುಡಿಯುತ್ತಾರೆ. ಆ ಎಲೆ ಬೇರೇನೂ ಅಲ್ಲ, ನಮ್ಮ ಗದ್ದೆ ಬದುವಿನಲ್ಲಿ, ನಾಲೆ ಪಕ್ಕದಲ್ಲಿ ತಾನಾಗಿ ಹಬ್ಬುವ ಒಂದೆಲಗ. ಅಲ್ಲಿಯ ಜನ ತಮ್ಮ ಒದ್ದೆ ನೆಲದಲ್ಲಿ ಬೆಳೆಯುವುದನ್ನೇ ತಮ್ಮ ಪಾನೀಯ ಮಾಡಿಕೊಂಡಿದ್ದಾರೆ. ನಾವು ಅದನ್ನು ತುಳಿದುಕೊಂಡು ಅಂಗಡಿಗೆ ಹೋಗಿ ಬಾಟಲಿ ಕೊಳ್ಳುತ್ತೇವೆ. ಅವರಿಂದ ಕಲಿಯಬೇಕಾದದ್ದು ಇದನ್ನೇ: ಪಾಕವಿಧಾನವನ್ನಲ್ಲ, ಸುತ್ತ ನೋಡುವ ಕಣ್ಣನ್ನು. ಅಲ್ಲಿ ಸಾಮಾನ್ಯವಾಗಿ ಸೋಸಿ, ಸಕ್ಕರೆ ಹಾಕಿ ಕೊಡುತ್ತಾರೆ. ಆ ಎರಡು ಕೆಲಸ ನಾವು ಮಾಡುವುದು ಬೇಡ.

ಒಂದೆಲಗ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅದನ್ನು ನಂಬಿ ಪರೀಕ್ಷೆಯ ಹಿಂದಿನ ದಿನ ಕುಡಿದರೆ, ಓದದೇ ಇದ್ದದ್ದು ನೆನಪಿಗೆ ಬರುವುದಿಲ್ಲ! ಇನ್ನೊಂದು ಮಾತು. ಚರಂಡಿ ನೀರು ಸೇರುವ ಕಡೆಯಿಂದ, ದನಕರು ಮೇಯುವ ಜೌಗಿನಿಂದ ಕಿತ್ತು ತಂದು ಹಸಿಯಾಗಿ ಅರೆಯಬೇಡಿ. ಒಂದು ಬಳ್ಳಿ ತಂದು ಮನೆಯ ಕುಂಡದಲ್ಲಿ ನೆಟ್ಟು ನೀರು ಹಾಕಿದರೆ ಸಾಕು, ಹಬ್ಬುತ್ತದೆ.

ಮಾಡುವ ಬಗೆ

ನಾನು ಮನೆಯಲ್ಲಿ ಮಾಡುವ ಐದು ಪಾನೀಯಗಳನ್ನು ಕೊಡುತ್ತಿದ್ದೇನೆ. ಎಲ್ಲವೂ ಒಬ್ಬರಿಗೆ ಒಂದು ದೊಡ್ಡ ಲೋಟದ ಅಳತೆ. ಯಾವುದನ್ನೂ ಸೋಸಬೇಡಿ.

1. ಸೌತೆ–ಪುದೀನ ಮಜ್ಜಿಗೆ: ಅರ್ಧ ಎಳೆ ಸೌತೆಕಾಯಿಯನ್ನು ಸಿಪ್ಪೆ ಸಮೇತ ಹೆಚ್ಚಿ. ಎಂಟು ಹತ್ತು ಪುದೀನ ಎಲೆ, ಚೂರು ಶುಂಠಿ, ಚಿಟಿಕೆ ಜೀರಿಗೆ, ಚಿಟಿಕೆ ಉಪ್ಪು ಸೇರಿಸಿ ರುಬ್ಬಿ, ಒಂದು ಲೋಟ ಮಜ್ಜಿಗೆಯಲ್ಲಿ ಕಲಸಿ. ಆಟದ ಮೈದಾನದಿಂದ ಬಂದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬೆವರಿನಲ್ಲಿ ಹೋದ ನೀರು, ಉಪ್ಪು ಎರಡೂ ಮರಳಿ ಬರುತ್ತವೆ.

2. ಕ್ಯಾರೆಟ್–ಹುರಿಹಿಟ್ಟು: ಇದು ಮೊದಲ ಬಸ್ಸು ಹಿಡಿಯುವವರಿಗೆ. ಒಂದು ಕ್ಯಾರೆಟ್ಟನ್ನು ಹಿಂದಿನ ರಾತ್ರಿಯೇ ಅನ್ನ ಬೇಯುವಾಗ ಜೊತೆಯಲ್ಲಿ ಹಬೆಗೆ ಇಟ್ಟು ಬೇಯಿಸಿಕೊಳ್ಳಿ. ಫ್ರಿಜ್ ಇದ್ದರೆ ಅದರಲ್ಲಿಡಿ, ಇಲ್ಲದಿದ್ದರೆ ಬೆಳಿಗ್ಗೆಯೇ ಬೇಯಿಸಿ. ಅದಕ್ಕೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಎರಡು ದೊಡ್ಡ ಚಮಚ ರಾಗಿ ಹುರಿಹಿಟ್ಟು, ಒಂದು ಚೂರು ಬೆಲ್ಲ, ಕಾಯಿಸಿ ಆರಿಸಿದ ಹಾಲು ಸೇರಿಸಿ ರುಬ್ಬಿ. ಹುರಿಹಿಟ್ಟು ಹುರಿದ ರಾಗಿಯದಾದ್ದರಿಂದ ಮತ್ತೆ ಬೇಯಿಸಬೇಕಾಗಿಲ್ಲ. ಹಾಸ್ಟೆಲಿನವರಿಗೂ ಅನುಕೂಲ. ಐದು ನಿಮಿಷದ ಕೆಲಸ, ಮಧ್ಯಾಹ್ನದ ಊಟದವರೆಗೆ ತಡೆಯುತ್ತದೆ.

3. ಬೂದುಗುಂಬಳ–ಸೀಬೆ: ಒಂದು ಬಟ್ಟಲು ಬೂದುಗುಂಬಳದ ಹೋಳು, ಅರ್ಧ ಹಣ್ಣಾದ ಸೀಬೆ, ಅರ್ಧ ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು. ಸೀಬೆಯ ಬೀಜ ಇಷ್ಟವಿಲ್ಲದವರು ತಿರುಳಿನ ನಡುಭಾಗ ತೆಗೆದು ರುಬ್ಬಬಹುದು. ಸೀಬೆಯ ಸಿಹಿಯೇ ಸಾಕು, ಸಕ್ಕರೆ ಬೇಡ. ಸೀಬೆ ಇಲ್ಲದ ಕಾಲದಲ್ಲಿ ಒಂದು ನೆಲ್ಲಿಕಾಯಿ ಹಾಕಿ.

4. ನುಗ್ಗೆಸೊಪ್ಪು–ಟೊಮೆಟೊ: ಒಂದು ಹಿಡಿ ನುಗ್ಗೆಸೊಪ್ಪು, ಎರಡು ಟೊಮೆಟೊ, ಒಂದು ಎಸಳು ಬೆಳ್ಳುಳ್ಳಿಯನ್ನು ಒಂದು ಲೋಟ ನೀರಿನಲ್ಲಿ ಮೂರು ನಾಲ್ಕು ನಿಮಿಷ ಬೇಯಿಸಿ. ಆರಿದ ಮೇಲೆ ಆ ನೀರಿನ ಸಮೇತ ರುಬ್ಬಿ. ಉಪ್ಪು, ಮೆಣಸಿನ ಪುಡಿ ಹಾಕಿ, ಕೊನೆಗೆ ನಿಂಬೆ ಹಿಂಡಿ. ನಿಂಬೆಯನ್ನು ಕೊನೆಗೆ ಹಾಕುವುದಕ್ಕೆ ಕಾರಣವಿದೆ: ಸಿ ಜೀವಸತ್ವ ಬಿಸಿಗೆ ನಾಶವಾಗುತ್ತದೆ. ಹಸಿ ನುಗ್ಗೆಸೊಪ್ಪು ಕಹಿ, ಬೇಯಿಸಿದರೆ ಹಿತ. ಟೊಮೆಟೊದ ಕೆಂಪು ಬಣ್ಣದ ಲೈಕೋಪೀನ್ ಕೂಡ ಬೇಯಿಸಿದಾಗಲೇ ಹೆಚ್ಚು ದಕ್ಕುತ್ತದೆ. "ಹಸಿಯಾಗಿದ್ದರೆ ಮಾತ್ರ ಆರೋಗ್ಯ" ಎಂಬುದು ಎಲ್ಲ ತರಕಾರಿಗೂ ನಿಜವಲ್ಲ.

5. ಒಂದೆಲಗದ ತಂಬುಳಿ: ಬೇರು ತೆಗೆದು ಚೆನ್ನಾಗಿ ತೊಳೆದ ಒಂದು ಸಣ್ಣ ಹಿಡಿ ಒಂದೆಲಗವನ್ನು ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ. ಎರಡು ಚಮಚ ತೆಂಗಿನತುರಿ ಹಾಕಿ ಅರೆದು ಮಜ್ಜಿಗೆಯಲ್ಲಿ ಕಲಸಿ. ಕುಡಿಯಲೂ ಆಗುತ್ತದೆ, ಅನ್ನಕ್ಕೂ ಆಗುತ್ತದೆ. ವಾರಕ್ಕೆ ಒಂದೆರಡು ಸಲ ಸಾಕು.

ಖರ್ಚಿನ ಮಾತು ಹೇಳುವುದಾದರೆ, ಸಂತೆಯಲ್ಲಿ ಕೊಂಡ ತರಕಾರಿಯಿಂದ ಮಾಡಿದ ಈ ಯಾವ ಲೋಟವೂ ನೀವು ಅಂಗಡಿಯಲ್ಲಿ ಕೊಳ್ಳುವ ಒಂದು ಸಣ್ಣ ಬಾಟಲಿಗಿಂತ ದುಬಾರಿಯಾಗುವುದಿಲ್ಲ. ನುಗ್ಗೆ, ಪುದೀನ, ಒಂದೆಲಗಕ್ಕಂತೂ ಬಹಳ ಮನೆಗಳಲ್ಲಿ ಕಾಸೇ ಬೇಡ.

ಸೋರೆಕಾಯಿ: ಮೊದಲು ಚೂರು ಕಚ್ಚಿ ನೋಡಿ

ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ನಮ್ಮ ಮನೆಗಳಲ್ಲಿ ಕದ್ದು ಎನ್ನುವ ಸೋರೆಕಾಯಿ ದಾಲ್ಚಾಕ್ಕೆ, ಪಲ್ಯಕ್ಕೆ ಒಳ್ಳೆಯ ತರಕಾರಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವ ಹಿರಿಯರು ಇದರ ಹಸಿ ರಸವನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವುದುಂಟು. ಸೌತೆ, ಸೋರೆಯ ಕುಟುಂಬದ ಗಿಡಗಳು ಕೀಟಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಕುಕುರ್ಬಿಟಾಸಿನ್ ಎಂಬ ಕಹಿ ವಿಷವನ್ನು ತಯಾರಿಸುತ್ತವೆ. ನಾವು ಬೆಳೆಯುವ ತಳಿಗಳಲ್ಲಿ ಇದು ತೀರಾ ಕಡಿಮೆ. ಆದರೆ ನೀರಿನ ಕೊರತೆ, ವಿಪರೀತ ಬಿಸಿಲಿನಂಥ ಕಾರಣಗಳಿಂದ ಒಂದೊಂದು ಕಾಯಿಯಲ್ಲಿ ಇದು ಹೆಚ್ಚಾಗಿಬಿಡುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಆನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ನೇಮಿಸಿ ಇಂಥ ಪ್ರಕರಣಗಳನ್ನು ಪರಿಶೀಲಿಸಿತು. ಅದರ ಸಲಹೆ ಸರಳ. ರಸ ಮಾಡುವ ಮುನ್ನ ಕಾಯಿಯ ಒಂದು ಚೂರನ್ನು ಬಾಯಲ್ಲಿಟ್ಟು ನೋಡಿ. ಕಹಿ ಇದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಬೇರೆ ರಸದ ಜೊತೆ ಬೆರೆಸಬೇಡಿ, ಏಕೆಂದರೆ ಕಹಿ ಮರೆಯಾಗುತ್ತದೆಯೇ ಹೊರತು ವಿಷ ಹೋಗುವುದಿಲ್ಲ. ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ, ಬೇಗ ಚಿಕಿತ್ಸೆ ಸಿಗುವುದೇ ಮುಖ್ಯ.

ನನ್ನ ಕೋರಿಕೆ ಇಷ್ಟು: "ಕಹಿಯಾಗಿದ್ದಷ್ಟೂ ಔಷಧಿ" ಎಂದು ನಂಬಿ ಕಣ್ಣುಮುಚ್ಚಿ ನುಂಗುವ ಅಜ್ಜ–ಅಜ್ಜಿ, ದಾದಾ–ದಾದಿಯರಿಗೆ ನೀವೇ ಕೂತು ಇದನ್ನು ಹೇಳಿ. ಅವರು ಈ ಪತ್ರಿಕೆ ಓದುವುದಿಲ್ಲ, ನಿಮ್ಮ ಮಾತು ಕೇಳುತ್ತಾರೆ. ಸೌತೆಕಾಯಿಗೂ ಇದೇ ನಿಯಮ.

ಇನ್ನು ಕೆಲವು ಎಚ್ಚರಿಕೆಗಳು

ತರಕಾರಿಯನ್ನು ಹೆಚ್ಚುವ ಮುನ್ನ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ಅದ್ದಿ ತೆಗೆಯಿರಿ. ಕುದಿಸಿ ಆರಿಸಿದ ನೀರನ್ನೇ ಬಳಸಿ. ಎಲ್ಲಿಯದೋ ಐಸ್ ತಂದು ಹಾಕಬೇಡಿ. ರುಬ್ಬಿದ ಮೇಲೆ ಅರ್ಧ ಗಂಟೆಯೊಳಗೆ ಕುಡಿದುಬಿಡಿ. ಇಟ್ಟಷ್ಟೂ ಸಿ ಜೀವಸತ್ವ ಕಡಿಮೆಯಾಗುತ್ತದೆ, ರೋಗಾಣು ಹೆಚ್ಚುತ್ತದೆ. ಮಜ್ಜಿಗೆ, ನಿಂಬೆ ಹಾಕಿದ್ದನ್ನು ತಾಮ್ರದ ಪಾತ್ರೆಯಲ್ಲಿ ಇಡಬೇಡಿ.

ದಿನಾ ಹಸಿ ಪಾಲಕ್, ಬೀಟ್‌ರೂಟ್‌ಗಳನ್ನು ಲೋಟಗಟ್ಟಲೆ ಕುಡಿಯಬೇಡಿ. ಅವುಗಳಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದ ಕಲ್ಲಿಗೆ ದಾರಿಯಾಗಬಹುದು. ಮನೆಯಲ್ಲಿ ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಸೊಪ್ಪಿನ ಪಾನೀಯ ಶುರು ಮಾಡಬಾರದು. ಸಕ್ಕರೆ ಕಾಯಿಲೆಯವರು ಹಾಗಲಕಾಯಿ ರಸ ನಂಬಿ ಮಾತ್ರೆ ಬಿಡಬಾರದು.

ಉಪವಾಸದ ದಿನಗಳಲ್ಲಿ

ರಂಜಾನ್ ತಿಂಗಳು ಬೇಸಿಗೆಯ ಆಸುಪಾಸಿನಲ್ಲಿ ಬಂದಾಗ ರೋಜಾ ಇರುವ ಮಕ್ಕಳಿಗೆ ನೀರಿನ ಚಿಂತೆ ದೊಡ್ಡದು. ಇಫ್ತಾರ್‌ನಲ್ಲಿ ಖರ್ಜೂರ, ನೀರು ಆದ ಮೇಲೆ ಬಣ್ಣದ ಸಿರಪ್ಪಿನ ಶರಬತ್ತು ಎರಡು ಮೂರು ಲೋಟ ಇಳಿಯುತ್ತದೆ. ಖರ್ಜೂರದಲ್ಲೇ ಬೇಕಾದಷ್ಟು ಸಿಹಿ ಇದೆ. ಶರಬತ್ತಿನ ಒಂದು ಲೋಟದ ಜಾಗಕ್ಕೆ ಸೌತೆ–ಪುದೀನ ಮಜ್ಜಿಗೆ ಬರಲಿ. ಸಹ್ರಿಗೆ ಕ್ಯಾರೆಟ್–ಹುರಿಹಿಟ್ಟು ಒಳ್ಳೆಯದು, ನಾರು, ಕೊಬ್ಬು ಇರುವುದರಿಂದ ನಿಧಾನವಾಗಿ ಜೀರ್ಣವಾಗುತ್ತದೆ. ಶಿವರಾತ್ರಿ, ಏಕಾದಶಿಗೆ ಉಪವಾಸ ಮಾಡುವ ಗೆಳೆಯರಿಗೂ ಬೂದುಗುಂಬಳ–ಸೀಬೆ ಹೊಂದುತ್ತದೆ.

ಕೊನೆಯದಾಗಿ

ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ–ಸೊಪ್ಪು, 100 ಗ್ರಾಂ ಹಣ್ಣು ತಿನ್ನಿ ಎಂದಿದೆ. ನಮ್ಮಲ್ಲಿ ಬಹಳ ಜನರ ತಟ್ಟೆಯಲ್ಲಿ ಅನ್ನ, ಮುದ್ದೆ ತುಂಬಿರುತ್ತದೆ, ತರಕಾರಿ ಸಾರಿನಲ್ಲಿ ನಾಲ್ಕು ಹೋಳು. ಸೋಸದ ಒಂದು ಲೋಟ ಆ ಕೊರತೆಯಲ್ಲಿ 100–150 ಗ್ರಾಂ ತುಂಬುತ್ತದೆ. ಅದರಿಂದಾಗುವ ನಿಜವಾದ ಉಪಕಾರ ಇಷ್ಟೇ, ಆದರೆ ಇದು ಸಣ್ಣದಲ್ಲ.

ಒಂದು ಪ್ರಸ್ತಾಪವನ್ನೂ ಇಡುತ್ತೇನೆ. ನಮ್ಮ ಕ್ಯಾಂಟೀನಿನಲ್ಲಿ ಬಾಟಲಿ ಪಾನೀಯದ ಪಕ್ಕದಲ್ಲೇ ಸೌತೆ ಮಜ್ಜಿಗೆಯ ಒಂದು ಕೊಳಗ ಇಡಬಹುದಲ್ಲವೇ? ಕಾಲೇಜಿನ ಕಾಂಪೌಂಡಿನ ಅಂಚಿನಲ್ಲಿ ಎರಡು ನುಗ್ಗೆ ಕಡ್ಡಿ ನೆಡಬಹುದಲ್ಲವೇ? ನುಗ್ಗೆ ಕಡ್ಡಿ ಊರಿದರೆ ಚಿಗುರುತ್ತದೆ. ಈಗ ಪ್ರಥಮ ಪಿಯುಸಿಯಲ್ಲಿರುವವರು ದ್ವಿತೀಯ ಪಿಯುಸಿ ಮುಗಿಸುವ ಹೊತ್ತಿಗೆ ಅದರ ಸೊಪ್ಪು ಕೈಗೆ ಬರುತ್ತದೆ. ಪ್ರಾಂಶುಪಾಲರು ಒಪ್ಪಿದರೆ ಕಡ್ಡಿ ತರುವ ಕೆಲಸ ನನ್ನದು, ನೀರು ಹಾಕುವ ಕೆಲಸ ನಿಮ್ಮದು.